ಪರದೆಯ ಪ್ರೇಮ ಮತ್ತು ಮತ

ಶಾಂತಿನಿಕೇತನದಲ್ಲಿ ಕಲಿತ ಬಂಗಾಳಿ ನಟ ಧೀರೇಂದ್ರನಾಥ ಗಂಗೂಲಿಯವರು (1893–1978) ನಿಜಾಮರ ಆಶ್ರಯದಲ್ಲಿ 1922ರಲ್ಲಿ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿಯನ್ನು ಕಟ್ಟಿದರು. ಮುಸ್ಲಿಂ ರಾಣಿಯೊಬ್ಬಳಿಗೂ ಹಿಂದೂ ಪುರುಷನಿಗೂ ನಡುವಣ ಪ್ರೇಮವನ್ನು ಚಿತ್ರಿಸಿದ, ಮುಂಬಯಿಯಲ್ಲಿ ತಯಾರಾದ ‘ರಜಿಯಾ ಬೇಗಂ’ ಚಿತ್ರವನ್ನು 1924ರಲ್ಲಿ ಪ್ರದರ್ಶಿಸಿದ್ದಕ್ಕೆ ಅವರು ಆ ರಾಜ್ಯವನ್ನೇ ಬಿಡಬೇಕಾಯಿತು.

ತೋರಿಸುವುದು ಮಾಡುವುದಕ್ಕೆ ಸಮವೇ ಎಂಬುದು ಇಲ್ಲಿನ ಮೂಲ ಪ್ರಶ್ನೆ. ನಾಟ್ಯವು ಅನುಕರಣವಲ್ಲ, ಅನುಕೀರ್ತನ, ಅಂದರೆ ಭಾವವನ್ನು ವ್ಯಕ್ತಿ, ದೇಶ, ಕಾಲಗಳ ಕಟ್ಟಿನಿಂದ ಬಿಡಿಸಿ ಸಹೃದಯರೆಲ್ಲರ ಅನುಭವಕ್ಕೆ ತರುವ ಕ್ರಿಯೆ ಎಂಬ ಕಾವ್ಯಮೀಮಾಂಸಕ ಅಭಿನವಗುಪ್ತನ ವಿಚಾರವನ್ನು ಒಪ್ಪಿದರೆ, ಪರದೆಯ ಮೇಲಿನ ಪ್ರೇಮ ಯಾವ ಮತದ ಸೊತ್ತೂ ಆಗಲಾರದು. ಅದೇ ಹೈದರಾಬಾದಿನ ನಾಂಪಲ್ಲಿಯಲ್ಲಿರುವ ಯೂಸುಫೈನ್ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ; ಭಕ್ತಿಯಲ್ಲಿ ಇಷ್ಟು ಸಹಜವಾದ ಬೆರೆಯುವಿಕೆ ಕಲೆಯಲ್ಲಿ ಅಪಚಾರವೆನಿಸಿದ್ದು ನಿಜಕ್ಕೂ ನೋವಿನ ಸಂಗತಿ. ಕಲ್ಕತ್ತೆಗೆ ಮರಳಿ ಚಿತ್ರರಂಗದಲ್ಲೇ ಮುಂದುವರಿದ ಗಂಗೂಲಿಯವರಿಗೆ 1975ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು.