ಮೆತ್ತೆಯ ಆಯುಸ್ಸು

ಬ್ರಿಟನ್ನಿನಲ್ಲಿ ರೈಲಿನ ಹುಚ್ಚಿರುವ ಇಬ್ಬರು ಒಂದೆಡೆ ಸೇರಿದರೆ, ಯಾವ ಕಾಲದ ಬೋಗಿಯಲ್ಲಿ ಕೂತರೆ ಹೆಚ್ಚು ಸುಖ ಎಂಬ ವಾದ ಎದ್ದೇ ಏಳುತ್ತದೆ. ಒಬ್ಬರು 1951ರಲ್ಲಿ ಬಂದ ಮಾರ್ಕ್ 1 ಬೋಗಿಯ ಪಕ್ಷ: ಸ್ಪ್ರಿಂಗ್ ಹಾಕಿದ ಆಳವಾದ ಸೀಟು, ಉಣ್ಣೆಯ ಹೊದಿಕೆ, ಬೇಕೆಂದಾಗ ತೆರೆಯಬಹುದಾದ ಕಿಟಕಿ. ಮತ್ತೊಬ್ಬರು ಆ ಬೋಗಿ ಸವೆದ ಮೇಲೆ ಹೇಗೆ ಹೊಯ್ದಾಡುತ್ತಿತ್ತೆಂದು ನೆನಪಿಸಿ, ಗಂಟೆಗೆ 125 ಮೈಲಿ ಓಡುತ್ತಿದ್ದ ಮಾರ್ಕ್ 3ರ ನಯವಾದ ಸವಾರಿಯನ್ನು ಎತ್ತಿಹಿಡಿಯುತ್ತಾರೆ. ಇವೆರಡಕ್ಕೂ ಹಿಂದಿನ, ವಾರ್ನಿಷ್ ಹೊಳೆಯುವ ತೇಗದ ಬೋಗಿಗಳ ಭಕ್ತರು ಬೇರೆಯೇ ಇದ್ದಾರೆ. ವಾದ ಬಗೆಹರಿಯುವುದಿಲ್ಲ, ಬಗೆಹರಿದರೆ ಅವರಿಗೂ ಬೇಸರವೇ. ಆದರೆ ಸುಖವೆಂಬುದು ಸೀಟಿನೊಳಗಿದೆ, ಮರ, ಬಟ್ಟೆ, ಸ್ಪ್ರಿಂಗುಗಳಲ್ಲಿದೆ ಎಂಬುದನ್ನು ಎಲ್ಲರೂ ಒಪ್ಪಿಕೊಂಡೇ ಜಗಳಕ್ಕಿಳಿದಿರುತ್ತಾರೆ. ನನ್ನ ಅನುಮಾನ ಅಲ್ಲಿಂದಲೇ ಶುರು.

1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ತೆರೆದಾಗ ಬೋಗಿ ಹೇಗಿರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕುದುರೆ ಸಾರೋಟು. ಹಾಗಾಗಿ ಮೂರು ಸಾರೋಟಿನ ಒಡಲುಗಳನ್ನು ಸಾಲಾಗಿ ಒಂದೇ ಚೌಕಟ್ಟಿನ ಮೇಲೆ ಕೂರಿಸಿದಂತೆ ಮೊದಲ ದರ್ಜೆಯ ಬೋಗಿ ಕಟ್ಟಿದರು. ಬಡವರಿಗೆ ತೆರೆದ ವ್ಯಾಗನ್. 1841ರ ಡಿಸೆಂಬರ್ 24ರ ಬೆಳಗಿನ ಕತ್ತಲಲ್ಲಿ, ರೆಡಿಂಗ್ ಪಟ್ಟಣದ ಸಮೀಪದ ಸಾನಿಂಗ್ ಎಂಬಲ್ಲಿ, ಮಳೆಗೆ ಕುಸಿದ ಮಣ್ಣಿನ ಗುಡ್ಡೆಗೆ ಗ್ರೇಟ್ ವೆಸ್ಟರ್ನ್ ಕಂಪನಿಯ ಸರಕು ರೈಲೊಂದು ನುಗ್ಗಿತು. ಎಂಜಿನ್‌ಗೂ ಸರಕಿಗೂ ನಡುವೆ, ಮೋಟು ಗೋಡೆಯ ವ್ಯಾಗನ್‌ಗಳಲ್ಲಿ ಮೂರನೇ ದರ್ಜೆಯವರಿದ್ದರು. ಎಂಟು ಮಂದಿ ಸ್ಥಳದಲ್ಲೇ ಸತ್ತರು. ಮೂರು ವರ್ಷದ ಮೇಲೆ, 1844ರಲ್ಲಿ, ವಾಣಿಜ್ಯ ಸಚಿವ ಗ್ಲ್ಯಾಡ್‌ಸ್ಟನ್ ಕಾಲದ ಕಾಯಿದೆ ಬಂತು: ದಿನಕ್ಕೊಂದಾದರೂ ರೈಲಿನಲ್ಲಿ ಮೈಲಿಗೆ ಒಂದು ಪೆನ್ನಿಗೆ ಮಿಗದ ದರಕ್ಕೆ, ಗಂಟೆಗೆ ಕನಿಷ್ಠ 12 ಮೈಲಿ ವೇಗದಲ್ಲಿ, ಮಳೆಗಾಳಿ ತಾಗದಂತೆ ಮೂರನೇ ದರ್ಜೆಯವರನ್ನು ಒಯ್ಯಬೇಕು. ಕೂರಲು ಆಸನವಿರಬೇಕು. ಕೆಲವು ಕಂಪನಿಗಳು ಕಾಯಿದೆಯ ಅಕ್ಷರಕ್ಕಷ್ಟೇ ತಲೆಬಾಗಿ, ಕಿಟಕಿಯೆಂದರೆ ಒಂದು ಸೀಳು ಎನ್ನುವಂಥ ಪೆಟ್ಟಿಗೆಗಳನ್ನು ಕಟ್ಟಿದವು. ಇಂದು ಅದರಲ್ಲಿ ಕೈದಿಯನ್ನು ಸಾಗಿಸಿದರೂ ಕೋರ್ಟಿನಲ್ಲಿ ಉತ್ತರ ಕೊಡಬೇಕಾದೀತು. ಆದರೆ ಹಿಂದಿನ ಚಳಿಗಾಲ ತೆರೆದ ವ್ಯಾಗನ್‌ನಲ್ಲಿ ನೆನೆಯುತ್ತ ಹೋಗಿದ್ದವನಿಗೆ, ತಲೆಯ ಮೇಲೆ ಮಳೆ ಬೀಳದ ಆ ಕತ್ತಲ ಪೆಟ್ಟಿಗೆ ಸುಖವಲ್ಲದೆ ಇನ್ನೇನು?

ಸುಖ ಹೀಗೆ ತನ್ನ ಹಿಂದಿನ ದುಃಖದ ಅಳತೆಗೆ ಹೊಲಿಸಿಕೊಂಡ ಅಂಗಿ. ಆ ದುಃಖ ಮರೆತ ದಿನ ಅಂಗಿ ಸಡಿಲವಾಗುತ್ತದೆ.

1869ರಲ್ಲಿ ವಿಕ್ಟೋರಿಯಾ ರಾಣಿಗೆಂದು ಕಟ್ಟಿದ ಜೋಡಿ ಬೋಗಿಗಳ ನಡುವೆ, ತಿದಿಯಂತೆ ಮಡಚಿಕೊಳ್ಳುವ ದಾರಿಯಿತ್ತು. ಬ್ರಿಟನ್ನಿನಲ್ಲಿ ಅಂಥದ್ದು ಅದೇ ಮೊದಲು. ರೈಲು ಓಡುತ್ತಿರುವಾಗ ರಾಣಿ ಅದನ್ನು ದಾಟುತ್ತಿರಲಿಲ್ಲವೆಂದು ಹೇಳುತ್ತಾರೆ. ಮಿಕ್ಕವರೆಲ್ಲ ಒಂದೊಂದು ಕಂಪಾರ್ಟ್‌ಮೆಂಟಿನಲ್ಲಿ ಮುಂದಿನ ನಿಲ್ದಾಣದವರೆಗೆ ಬಂದಿ. 1864ರಲ್ಲಿ ಥಾಮಸ್ ಬ್ರಿಗ್ಸ್ ಎಂಬ ಬ್ಯಾಂಕ್ ನೌಕರನನ್ನು ಅಂಥದೊಂದು ಮೊದಲ ದರ್ಜೆಯ ಕಂಪಾರ್ಟ್‌ಮೆಂಟಿನಲ್ಲೇ ಹೊಡೆದು ಹೊರಗೆಸೆದಿದ್ದರು. ಮೆತ್ತನೆಯ ಒರಗು, ಮುಚ್ಚಿದ ಬಾಗಿಲು, ಏಕಾಂತ ಎಂದು ಹಣ ತೆತ್ತು ಕೊಂಡದ್ದೇ ರಾತ್ರೋರಾತ್ರಿ ಭಯವಾಯಿತು. ಸೀಟು ಬದಲಾಗಿರಲಿಲ್ಲ. ಎದುರು ಸೀಟಿನ ಅಪರಿಚಿತನೂ ಬದಲಾಗಿರಲಿಲ್ಲ. 1892ರಲ್ಲಿ ಗ್ರೇಟ್ ವೆಸ್ಟರ್ನ್ ಉದ್ದಕ್ಕೂ ಓಡಾಡಬಲ್ಲ ಓಣಿಯಿರುವ ರೈಲನ್ನು ಓಡಿಸಿತು. ರಾಣಿ ಅಳುಕಿದ ಸೌಕರ್ಯ ಶೌಚಕ್ಕೆ ಹೋಗುವವರ ದಾರಿಯಾಯಿತು. ಕೆಲವೇ ವರ್ಷಗಳಲ್ಲಿ ಅದು ಯಾರ ಕಣ್ಣಿಗೂ ಬೀಳದಷ್ಟು ಮಾಮೂಲು.

ಇದಕ್ಕಿಂತ ದೊಡ್ಡ ಘಟನೆ ನನ್ನ ಲೆಕ್ಕದಲ್ಲಿ 1875ರದ್ದು. ಜೇಮ್ಸ್ ಆಲ್‌ಪೋರ್ಟ್ ನಡೆಸುತ್ತಿದ್ದ ಮಿಡ್‌ಲ್ಯಾಂಡ್ ರೈಲ್ವೆ ಆ ವರ್ಷದ ಮೊದಲ ದಿನದಿಂದ ಎರಡನೇ ದರ್ಜೆಯನ್ನೇ ತೆಗೆದುಹಾಕಿ, ಮೂರನೇ ದರ್ಜೆಯ ಹಲಗೆಗೆ ಮೆತ್ತೆ ಹಾಕಿತು. ಇತರ ಕಂಪನಿಗಳು ಸಿಡಿಮಿಡಿಗೊಂಡವು. ಕಷ್ಟಪಟ್ಟು ಎರಡನೇ ದರ್ಜೆಗೇರಿದ್ದ ಗುಮಾಸ್ತನನ್ನು ಊಹಿಸಿಕೊಳ್ಳಿ. ಅವನ ಕೆಳಗಿದ್ದ ಮೆತ್ತೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಗಿರಣಿಯ ಕೂಲಿಗೂ ಕೊಟ್ಟರು, ಅಷ್ಟೇ. ಅಷ್ಟಕ್ಕೇ ಅವನ ಮೆತ್ತೆ ಗಟ್ಟಿಯಾಗಿರಬೇಕು. ಕೂಲಿಯ ಸಂತೋಷವಾದರೂ ಎಷ್ಟು ದಿನ ಬಾಳೀತು? ಅವನ ಮಗ ಹುಟ್ಟಿನಿಂದಲೇ ಮೆತ್ತೆಯ ಮೇಲೆ ಕೂತವನು. ಅವನಿಗೆ ಅದು ಬರೀ ಸೀಟು. ಮೆತ್ತೆ ಹರಿಯುವುದಕ್ಕೆ ಮೊದಲೇ ಸುಖ ಹರಿದಿರುತ್ತದೆ. ಅನಿತ್ಯವೆಂದರೆ ತುಕ್ಕು, ಗೆದ್ದಲು, ಗುಜರಿ ಎಂದುಕೊಳ್ಳುತ್ತೇವೆ. ವಸ್ತು ಗಟ್ಟಿಮುಟ್ಟಾಗಿರುವಾಗಲೇ ಅದರಿಂದ ಸುಖ ಸದ್ದಿಲ್ಲದೆ ಇಳಿದುಹೋಗುವ ಈ ಇನ್ನೊಂದು ಅನಿತ್ಯ ನಮ್ಮ ಗಮನಕ್ಕೆ ಬರುವುದೇ ಕಡಿಮೆ. ಅಂದಹಾಗೆ, 1956ರಲ್ಲಿ ಬ್ರಿಟನ್ ತನ್ನ ಮೂರನೇ ದರ್ಜೆಯನ್ನು ಎರಡನೆಯದೆಂದು ಕರೆಯಿತು, 1987ರಲ್ಲಿ ಅದನ್ನೇ ಸ್ಟ್ಯಾಂಡರ್ಡ್ ಎಂದಿತು. ನಮ್ಮಲ್ಲೂ 1974ರಲ್ಲಿ ಮೂರನೇ ದರ್ಜೆ ಹೋಯಿತು. ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿತು.

ಮಾರ್ಕ್ 3 ಬೋಗಿಯ ಕಿಟಕಿಗಳ ಅಂತರವನ್ನು ನಿಗದಿ ಮಾಡಿದ್ದು ಮೊದಲ ದರ್ಜೆಯ ಸೀಟುಗಳಿಗೆ ಹೊಂದುವಂತೆ. ಸಾಮಾನ್ಯ ದರ್ಜೆಗೂ ಅದೇ ಒಡಲು, ಸೀಟು ಮಾತ್ರ ಹೆಚ್ಚು. ಆದ್ದರಿಂದ ಕೆಲವರಿಗೆ ಬಯಲು ಕಂಡರೆ, ಕೆಲವರಿಗೆ ಎರಡು ಕಿಟಕಿಗಳ ನಡುವಿನ ಗೋಡೆ. ಗೋಡೆ ಪಾಲಿಗೆ ಬಂದವನೂ ಇಂದು ಆ ಬೋಗಿಯನ್ನು ನೆನೆದು ನಿಟ್ಟುಸಿರು ಬಿಡುತ್ತಾನೆ!

ಐಲ್ ಆಫ್ ವೈಟ್ ದ್ವೀಪದ ಹಬೆ ರೈಲ್ವೆಯಲ್ಲಿ ವಿಕ್ಟೋರಿಯಾ ಕಾಲದ ಬೋಗಿಗಳು ಇನ್ನೂ ಓಡುತ್ತವೆ. ಅವುಗಳಲ್ಲಿ ಹಲವು ಒಂದು ಕಾಲಕ್ಕೆ ಗಾಲಿ ಕಳಚಿಸಿಕೊಂಡು, ಯಾರದೋ ಹಿತ್ತಲಲ್ಲಿ ಶೆಡ್ಡಾಗಿ, ಕಡಲ ದಂಡೆಯಲ್ಲಿ ರಜೆಯ ಮನೆಯಾಗಿ ದಶಕಗಟ್ಟಲೆ ಬಿದ್ದಿದ್ದವು. ಅವನ್ನು ತಂದು, ಕೊಳೆತ ಹಲಗೆ ಕಿತ್ತು ಹೊಸದು ಜೋಡಿಸಿ, ಎಷ್ಟೋ ವರ್ಷ ಆಮೇಲೆ ಹುಟ್ಟಿದ ಸರಕು ವ್ಯಾನುಗಳ ಚೌಕಟ್ಟಿನ ಮೇಲೆ ಕೂರಿಸಿದ್ದಾರೆ. ಸೀಟಿನ ಬಟ್ಟೆಯಂತೂ ಹೊಸದೇ. ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಹಾಕಿದ ಪ್ರಶ್ನೆ ಇಲ್ಲಿ ತಾನಾಗಿ ಎದುರಾಗುತ್ತದೆ: ಅಚ್ಚು ರಥವೇ? ಗಾಲಿ ರಥವೇ? ನೊಗವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ಇಟ್ಟುಕೊಂಡ ಹೆಸರಷ್ಟೇ ರಥ. ದ್ವೀಪದ ಸ್ವಯಂಸೇವಕ ಬಡಗಿಗಳು ಈ ಮಾತನ್ನು ಕೇಳಿದ್ದರೋ ಇಲ್ಲವೋ, ಉಳಿಯಿಂದ ಅದನ್ನೇ ಆಡುತ್ತಿದ್ದಾರೆ. ಒಡಲು ಸಿಕ್ಕಿತು, ಗಾಲಿ ಸಿಕ್ಕಿತು, ಬಟ್ಟೆ ನೇಯಿಸಿದರು. ಆದರೆ 1875ರಲ್ಲಿ ಮೊದಲ ಸಲ ಮೆತ್ತೆಗೆ ಒರಗಿದ ಕೂಲಿಯ ಬೆನ್ನಿಗಾದ ನಿರಾಳವನ್ನು ಎಲ್ಲಿಂದ ತರುವುದು? ಅದು ಬೋಗಿಯ ಭಾಗಗಳ ಪಟ್ಟಿಯಲ್ಲೇ ಇರಲಿಲ್ಲ. ಇಂದು ಅಲ್ಲಿ ಕೂತವರಿಗೆ ದೊರೆಯುವುದು ಬೇರೆ ಸುಖ, ಹಳೆಯದನ್ನು ಮುಟ್ಟಿದ ಸುಖ. ಅದೇನೂ ಕಡಿಮೆಯದಲ್ಲ, ಆದರೆ ಅದಲ್ಲ ಇದು.

2017ರಿಂದ ಬ್ರಿಟನ್ನಿನ ದೂರದ ಮಾರ್ಗಗಳಲ್ಲಿ ಹಿಟಾಚಿ ರೈಲುಗಳು ಓಡುತ್ತಿವೆ. ಸೀಟು ಹಲಗೆಯಷ್ಟು ಗಟ್ಟಿಯೆಂದು ದೂರುವವರು ಬಹಳ. ಅದೇ ಸೀಟಿನಲ್ಲಿ ಬದುಕಿನ ಮೊದಲ ರೈಲು ಪ್ರಯಾಣ ಮಾಡುವ ಮಕ್ಕಳೂ ಇರುತ್ತಾರೆ. ಹೋಲಿಸಿ ನೋಡಲು ಹಿಂದಿನದೊಂದು ಅವರ ಬಳಿ ಇಲ್ಲ. ಪಕ್ಕದ ಅಜ್ಜ ಸೊಂಟ ಒತ್ತಿಕೊಳ್ಳುತ್ತ ಮಾರ್ಕ್ 3ರ ಕಥೆ ಶುರು ಮಾಡಿದರೆ, ಅವರು ಕೇಳಿಸಿಕೊಳ್ಳುವುದೂ ಅನುಮಾನವೇ.