ನೀರು ನಿಶಾನೆ ಮುಟ್ಟಿದ ಕ್ಷಣ

ಕಂಬಳದ ಕನೆ ಹಲಗೆ ವಿಭಾಗದಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಪ್ರಶ್ನೆಯೇ ಇಲ್ಲ. ಕೋಣಗಳ ಹಿಂದೆ ಹಲಗೆಯೇರಿ ನಿಂತವನ ಕಾಲಡಿಯಿಂದ ಚಿಮ್ಮಿದ ಕೆಸರುನೀರು ಮೇಲೆ ಕಟ್ಟಿದ ನಿಶಾನೆಗೆ ತಾಕಿತೇ ಇಲ್ಲವೇ ಎಂಬುದಷ್ಟೇ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ಆ ಬಟ್ಟೆಯನ್ನು ಮುಟ್ಟಿ ನೀರು ಮತ್ತೆ ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ, ಬೀಳಲು ಹೆಚ್ಚು ಹೊತ್ತು ಬೇಡ. ದಂಡೆಯಲ್ಲಿ ಕ್ಯಾಮೆರಾ ಹಿಡಿದು ನಿಂತವರು ಕಾಯುವುದು ಆ ಕ್ಷಣಕ್ಕೇ. ಆದರೆ ಅಂಥದೊಂದು ಕ್ಷಣ ಅಲ್ಲಿ ನಿಜವಾಗಿ ಇದೆಯೇ? ಅಥವಾ ಹರಿಯುವ ಓಟದಿಂದ ನಾವೇ ಕತ್ತರಿಸಿಕೊಂಡ ಚೂರೇ ಅದು?

ಲೆನ್ಸ್ ಬದಲಿಸುವ ಕ್ಯಾಮೆರಾ ಕೊಂಡು, ಅದರಲ್ಲೇ ಆಟೋಟದ ಫೋಟೊ, ವಿಡಿಯೊ ಎರಡನ್ನೂ ತೆಗೆಯಬೇಕೆನ್ನುವವರಿಗೆ ಈ ಪ್ರಶ್ನೆ ತೀರ ಹತ್ತಿರದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಸೆಕೆಂಡಿಗೆ ಹತ್ತು ಮೀಟರಿಗೂ ಮಿಕ್ಕ ವೇಗ. ಫೋಟೊಗೆಂದು ಶಟರನ್ನು 1/2000 ಸೆಕೆಂಡಿಗೆ ಇಟ್ಟರೆ, ಅಷ್ಟರಲ್ಲಿ ಅಂಥ ಓಟಗಾರ ಸರಿಯುವುದು ಐದು ಮಿಲಿಮೀಟರು. ಹನಿಹನಿಯೂ ಗಾಳಿಯಲ್ಲಿ ನಿಂತುಬಿಡುತ್ತದೆ. ವಿಡಿಯೊದ ರೂಢಿ ಬೇರೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರನ್ನು ಸಾಮಾನ್ಯವಾಗಿ 1/50ರಲ್ಲಿ ಇಡುತ್ತಾರೆ. ಒಂದೊಂದು ಫ್ರೇಮಿನಲ್ಲೂ ಅವನು 20 ಸೆಂಟಿಮೀಟರಿನಷ್ಟು ಮಸುಕಾಗುತ್ತಾನೆ. ಆ ಮಸುಕೇ ಓಟವನ್ನು ಓಟವಾಗಿ ಕಾಣಿಸುವುದು! ವಿಡಿಯೊವನ್ನೂ 1/2000ರಲ್ಲಿ ತೆಗೆದರೆ ಕೋಣಗಳು ತಡೆತಡೆದು ಜಿಗಿದಂತೆ ಕಾಣುತ್ತವೆ.

ಒಂದೇ ಯಂತ್ರ, ಕಾಲದ ಬಗ್ಗೆ ಎರಡು ನಂಬಿಕೆ.

1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಗೊರಸು ನೆಲ ಬಿಟ್ಟಿದ್ದವು. ಅಲ್ಲಿಯವರೆಗೆ ಕಲಾವಿದರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿಕೊಂಡಲ್ಲ, ಹೊಟ್ಟೆಯಡಿ ಮುದುಡಿಕೊಂಡು. ಯಾವ ಕಣ್ಣೂ ಕಾಣದ ಕ್ಷಣ ಅದು. ಮರುವರ್ಷವೇ ಅವನು ತಿರುಗುವ ಗಾಜಿನ ಬಿಲ್ಲೆಯಿಂದ ಅಂಥ ಚಿತ್ರಗಳನ್ನು ಪರದೆಯ ಮೇಲೆ ಮತ್ತೆ ಓಡಿಸಿದ. ತುಂಡರಿಸಿದ್ದೂ ಜೋಡಿಸಿದ್ದೂ ಒಬ್ಬನೇ.

ಕ್ಷಣ ನಿಜವೋ ಹರಿವು ನಿಜವೋ ಎಂಬ ಈ ವಾದ ನಮ್ಮಲ್ಲಿ ಬಹಳ ಹಳೆಯದು. ಪರಮಾಣುವೊಂದು ತಾನಿದ್ದ ಜಾಗ ಬಿಟ್ಟು ಪಕ್ಕದ ಜಾಗ ಸೇರಲು ಹಿಡಿಯುವ ಹೊತ್ತೇ ಕ್ಷಣ ಎನ್ನುತ್ತದೆ ಯೋಗಸೂತ್ರದ ವ್ಯಾಸಭಾಷ್ಯ. ಅದರ ಪ್ರಕಾರ ಕ್ಷಣ ನಿಜ. ಎರಡು ಕ್ಷಣಗಳು ಎಂದೂ ಒಟ್ಟಿಗಿರುವುದಿಲ್ಲವಾದ್ದರಿಂದ ಗಳಿಗೆ, ಹಗಲು, ರಾತ್ರಿಗಳೆಲ್ಲ ಬುದ್ಧಿ ಕಟ್ಟಿಕೊಂಡವು. ಕ್ಷಣಿಕವಾದಿ ಬೌದ್ಧರು ಇನ್ನೂ ಮುಂದೆ ಹೋಗಿ, ಇರುವುದೆಲ್ಲ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುತ್ತದೆ ಎಂದರು. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಅದಕ್ಕೆ ಉತ್ತರ ಕೊಟ್ಟದ್ದು ನೆನಪನ್ನು ಹಿಡಿದು: ನಿನ್ನೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಿರದಿದ್ದರೆ ನೆನಪು ಹೇಗೆ ಸಾಧ್ಯ? ಕರೆಯ ದಂಡೆಯಲ್ಲಿ ಈ ಉತ್ತರಕ್ಕೆ ಹೆಚ್ಚು ತೂಕವಿದೆ. ಸಾವಿರ ಫ್ರೇಮುಗಳನ್ನು ಓಟವಾಗಿಸುವುದು ಮೆಮೊರಿ ಕಾರ್ಡಲ್ಲ, ಅಲ್ಲಿ ನಿಂತು ನೋಡಿದವನು.

2023ರಲ್ಲಿ ಘೋಷಣೆಯಾದ ಸೋನಿ ಎ9 III ಈ ನೋಡುವವನನ್ನೇ ಕೆಣಕುತ್ತದೆ. ಬೇರೆ ಬಹುತೇಕ ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಓದು ನಿಧಾನವಾದರೆ ಬೀಸಿದ ಬ್ಯಾಟು ಬಾಗಿದಂತೆ ಕಾಣುತ್ತದೆ. ಇದರ ಗ್ಲೋಬಲ್ ಶಟರ್ ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತದೆ, ಸೆಕೆಂಡಿಗೆ 120 ಫ್ರೇಮಿನವರೆಗೆ. ಅಷ್ಟೇ ಅಲ್ಲ, ಪ್ರೀ-ಕ್ಯಾಪ್ಚರ್ ಹಾಕಿಟ್ಟರೆ ಗುಂಡಿ ಒತ್ತುವ ಮುಂಚಿನ ಒಂದು ಸೆಕೆಂಡೂ ಸಿಗುತ್ತದೆ. ಅಂದರೆ ಬೆರಳು ತೀರ್ಮಾನಿಸುವ ಮೊದಲೇ ತೆಗೆದ ಚಿತ್ರ. ಅದನ್ನು ತೆಗೆದವರು ಯಾರು?

ನೀರು ನಿಶಾನೆ ಮುಟ್ಟಿತೇ ಎಂದು ತಿಳಿಯಲು ಈ ಸೌಲಭ್ಯ ನಿಜಕ್ಕೂ ವರ. ಆದರೆ ಓಟದ ಚಿತ್ರಕ್ಕೆ ಅದನ್ನು ಆಫ್ ಮಾಡಿಡುವುದೇ ಲೇಸು. ಮುಂದೇನಾಗುತ್ತದೆಂದು ಮೈಯೆಲ್ಲ ಕಣ್ಣಾಗಿ ಕಾಯುವುದೇ ಅಲ್ಲಿನ ಕಲಿಕೆ. ಯಂತ್ರ ಕಾಯುತ್ತದೆಂದು ಗೊತ್ತಾದೊಡನೆ ಕಣ್ಣು ಸಡಿಲವಾಗುತ್ತದೆ.

ಹಣದ ಮಾತಿಗೆ ಬಂದರೆ, ಮೊದಲ ಖರ್ಚು ಲೆನ್ಸಿಗೇ ಇರಲಿ. ಕಂಬಳ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ನಡೆಯುತ್ತದೆ. ಎಫ್/2.8ರ 70-200 ಲೆನ್ಸ್, ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಗ್ಲೋಬಲ್ ಶಟರೇ ಬೇಕೆಂದಿಲ್ಲ. ಬೇಗ ಓದುವ ಸೆನ್ಸರಿನ ಬೇರೆ ಬಾಡಿಗಳೂ ಇವೆ. ನವೆಂಬರಿನಿಂದ ಮಾರ್ಚಿನವರೆಗೆ ಕಂಬಳದ ಕಾಲ. ಕೊಳ್ಳುವ ಮುನ್ನ ಒಂದು ರಾತ್ರಿಗೆ ಕ್ಯಾಮೆರಾ ಬಾಡಿಗೆಗೆ ತನ್ನಿ. ಮೊದಲ ಕೆಲವು ಜೋಡಿ ಕೋಣಗಳು ಓಟ ಶುರುವಾಗುವ ಗಂತಿನಿಂದ ಗುರಿಯಾದ ಮಂಜೊಟ್ಟಿಗೆ ಓಡಿ ಮುಗಿಸುವವರೆಗೆ ಅದು ಚೀಲದಲ್ಲೇ ಇರಲಿ.