ಇಲ್ಲ ಅನ್ನುವವರು ಯಾರು?

ವಿಮೆ ಅಂದರೆ ಮೂಲದಲ್ಲಿ ಒಂದು ಮಾತು. ಇವತ್ತು ನಾನು ಹಪ್ತೆ ಕಟ್ಟುತ್ತೇನೆ, ನಾಳೆ ನನಗೆ ಕಷ್ಟ ಬಂದರೆ ನೀವು ಕೊಡಬೇಕು. ಮಾತು ಕೊಟ್ಟವರು ಕಂಪನಿಯವರು. ಅದನ್ನು ನಡೆಸುವ ಕೆಲಸ ಮಾತ್ರ ಈಗ ಬಹಳಷ್ಟು ಕಂಪ್ಯೂಟರಿನ ಕೈಗೆ ಹೋಗಿದೆ. ದವಾಖಾನೆಯಿಂದ ಕಾಗದ ಬಂದ ಕೂಡಲೇ ಅದು ಪಾಲಿಸಿ ಚಾಲೂ ಇದೆಯೋ ಇಲ್ಲವೋ ನೋಡುತ್ತದೆ, ರೋಗಕ್ಕೂ ಬಿಲ್ಲಿಗೂ ತಾಳೆ ಹಾಕುತ್ತದೆ, ಇದೇ ಬಿಲ್ಲು ಹಿಂದೊಮ್ಮೆ ಬಂದಿತ್ತೇ ಅಂತ ಹುಡುಕುತ್ತದೆ. ಗುಮಾಸ್ತರು ದಿನಗಟ್ಟಲೆ ಮಾಡುತ್ತಿದ್ದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಕಂಪನಿಗೆ ಖರ್ಚು ಉಳಿಯುತ್ತದೆ, ಸುಳ್ಳು ಬಿಲ್ಲು ಸಿಕ್ಕಿಬೀಳುತ್ತವೆ. ಇದಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ: ಯಂತ್ರ “ಇಲ್ಲ” ಅಂದಾಗ ಆ “ಇಲ್ಲ” ಯಾರದು?

ಯಂತ್ರದ ಪರವಾಗಿ ಮೊದಲು ಎರಡು ಮಾತು ಹೇಳಲೇಬೇಕು. ಡಾಕ್ಟರು ಮುಂಜಾನೆ “ಮನೀಗೆ ಹೋಗ್ರಿ” ಅಂದರೂ ವಿಮೆಯವರ ಮಂಜೂರಿ ಬರೋತನಕ ಸಂಜೆಯಾಗಿ, ಇನ್ನೊಂದು ರಾತ್ರಿಯ ಖೋಲಿ ಬಾಡಿಗೆ ತಲೆಗೆ ಬರುತ್ತಿದ್ದುದು ಮಿರಜಿಗೋ ವಿಜಾಪುರಕ್ಕೋ ಹೋಗಿ ಬಂದವರಿಗೆ ಗೊತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿ, ನಗದುರಹಿತ ಚಿಕಿತ್ಸೆಗೆ ಕೇಳಿದರೆ 1 ತಾಸಿನೊಳಗೆ ತೀರ್ಮಾನ ಹೇಳಬೇಕು, ಬಿಡುಗಡೆಯ ಹೊತ್ತಿಗೆ 3 ತಾಸಿನೊಳಗೆ ಕೊನೆಯ ಮಂಜೂರಿ ಕೊಡಬೇಕು, ತಡವಾಗಿ ಬಿಲ್ಲು ಬೆಳೆದರೆ ಅದನ್ನು ಕಂಪನಿಯೇ ತುಂಬಬೇಕು ಅಂತ ಹೇಳಿತು. ಯಂತ್ರ ಇಲ್ಲದೆ ಈ ವೇಗ ಆಗದ ಮಾತು. ಇನ್ನೊಂದು, ಯಂತ್ರಕ್ಕೆ ವಶೀಲಿ ತಿಳಿಯದು. ನೀನು ಯಾವ ಪಾರ್ಟಿ, ಯಾರ ಪೈಕಿ, ಕನ್ನಡದವನೋ ಮರಾಠಿಯವನೋ ಅಂತ ಅದು ಕೇಳೂದಿಲ್ಲ. ಗಡಿಯ ಜನಕ್ಕೆ ಇದು ಸಣ್ಣ ನ್ಯಾಯವಲ್ಲ.

ಕೇಳೂದಿಲ್ಲ, ಖರೆ. ನಮ್ಮ ತೊಡಕೂ ಅಲ್ಲೇ ಇದೆ. ಸಂಖ, ಉಮದಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಗಳಿಗೆ ಗಂಗವ್ವ ಅಂತ ಹೆಸರಿಡುತ್ತಾರೆ. ಮರಾಠಿಯಲ್ಲಿ ಬರೆದುಕೊಳ್ಳುವ ಗುಮಾಸ್ತ ಗಂಗಾಬಾಯಿ ಮಾಡುತ್ತಾನೆ. ಅವನ ಮಟ್ಟಿಗೆ ಅದು ಮರ್ಯಾದೆಯೇ. ಇಂಗ್ಲಿಷಿಗೆ ಇಳಿಯುವಾಗ ಆ ‘ವ್ವ’ ಒಂದು ಕಾಗದದಲ್ಲಿ ಎರಡು ವ್ಹಿ, ಇನ್ನೊಂದರಲ್ಲಿ ಎರಡು ಡಬ್ಲ್ಯೂ. ತವರು ಇಂಡಿ ತಾಲೂಕಿನದಾದರೆ ಅಡ್ಡಹೆಸರೂ ಬೇರೆ ಜಾಗದಲ್ಲಿ ಕೂತಿರುತ್ತದೆ. ಗಂಗವ್ವ, ಗಂಗಾಬಾಯಿ ಒಬ್ಬಾಕೆಯೇ ಅಂತ ತಲಾಠಿಗೆ ಗೊತ್ತು, ರೇಶನ್ ಅಂಗಡಿಯವನಿಗೆ ಗೊತ್ತು. ಯಂತ್ರಕ್ಕೆ ಮಾತ್ರ ಇಬ್ಬರು ಹೆಂಗಸರು.

ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ ಎಲ್ಲ ಕುಟುಂಬಗಳಿಗೂ ವಿಸ್ತರಿಸಿ, ಮಿತಿಯನ್ನು 1.5 ಲಕ್ಷದಿಂದ 5 ಲಕ್ಷಕ್ಕೆ ಏರಿಸಲು 2023ರ ಜೂನ್‌ನಲ್ಲಿ ತೀರ್ಮಾನಿಸಿತು. ದೊಡ್ಡ ಕೆಲಸ. ಆದರೆ ಆ 5 ಲಕ್ಷದ ಬಾಗಿಲಲ್ಲಿ ರೋಗಕ್ಕಿಂತ ಮೊದಲು ರೇಶನ್ ಕಾರ್ಡು, ಗುರುತಿನ ಚೀಟಿ ತೋರಿಸಬೇಕು. ನಮ್ಮ ಓಣಿಯ ಅಜ್ಜಿಯೊಬ್ಬಾಕಿ ಎಲುಬು ಮುರಿದುಕೊಂಡಾಗ ನಾನೂ ಜೊತೆಗೆ ಹೋಗಿದ್ದೆ. ಹೆಸರಿನ ತಾಳೆಗೇ ಎರಡು ದಿನ ಹೋಯಿತು. “ಸಿಸ್ಟಿಮ್ ತಗೋವಲ್ದು ಕಾಕಾ” ಅಂದ ಅಲ್ಲಿದ್ದ ಹುಡುಗ. ಒಳ್ಳೆಯ ಹುಡುಗ, ಅಜ್ಜಿಗೆ ಚಹಾ ತರಿಸಿಕೊಟ್ಟ. ಆದರೆ ತೀರ್ಮಾನ ಅವನದಲ್ಲ, ಅವನ ಸಾಹೇಬನದೂ ಅಲ್ಲ. ಜಗಳ ತೆಗೆಯಲಿಕ್ಕೂ ಒಬ್ಬ ಮನುಷ್ಯ ಸಿಗಲಿಲ್ಲ.

ಯಂತ್ರಕ್ಕೆ ಸ್ವಂತ ಬುದ್ಧಿ ಇದೆ ಅಂತ ತಿಳಿದವರು ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯ ಬಗ್ಗೆ 2023ರಲ್ಲಿ ಬಂದ ಮಹಾಲೇಖಪಾಲರ ವರದಿ ನೋಡಬೇಕು. 9999999999 ಎಂಬ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಅಂಟಿಕೊಂಡಿದ್ದರು. ಗುರುತು ಪರೀಕ್ಷೆಗೆ ಮೊಬೈಲ್ ನಂಬರು ಬೇಕಿಲ್ಲ ಅಂತ ಸರ್ಕಾರದ ಕಡೆಯಿಂದ ಸಮಜಾಯಿಷಿ ಬಂತು. ಇರಲಿ. ಯಾವುದನ್ನು ಬಿಗಿಯಾಗಿ ನೋಡಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದನ್ನು ಯಂತ್ರಕ್ಕೆ ಕಲಿಸಿದವರು ಮನುಷ್ಯರೇ ಅಂದ ಹಾಗಾಯಿತು. ಹಾಗಿದ್ದ ಮೇಲೆ “ಇಲ್ಲ” ಅನ್ನುವುದೂ ಅವರದೇ.

“ಹೌದು”, “ಇಲ್ಲ” ಎರಡೂ ಒಂದೇ ತೂಕದವಲ್ಲ. ತಪ್ಪಾಗಿ “ಹೌದು” ಅಂದರೆ ಕಂಪನಿಗೆ ಒಂದಿಷ್ಟು ರೊಕ್ಕ ಹೋಗುತ್ತದೆ. ಆಮೇಲೆ ತಪಾಸಣೆ ಮಾಡಿ ವಸೂಲಿ ಮಾಡಬಹುದು. ತಪ್ಪಾಗಿ “ಇಲ್ಲ” ಅಂದರೆ ಎತ್ತು ಸಂತೆಗೆ ಹೋಗುತ್ತದೆ, ಕಿವಿಯ ಬೆಂಡೋಲೆ ಸಾವುಕಾರನ ಪೆಟ್ಟಿಗೆಗೆ ಹೋಗುತ್ತದೆ. ಅದು ವಸೂಲಾಗೂದಿಲ್ಲ. ಹಾಗಾಗಿ “ಹೌದು” ಅನ್ನುವ ಅಧಿಕಾರವನ್ನು ಯಂತ್ರಕ್ಕೆ ಬಿಡೋಣ, “ಇಲ್ಲ” ಅನ್ನುವವನು ಮನುಷ್ಯನೇ ಆಗಬೇಕು ಅಂತ ನನ್ನ ಅಭಿಪ್ರಾಯ. ಅದೇ 2024ರ ಸುತ್ತೋಲೆಯೂ, ಕಂಪನಿಯೊಳಗಿನ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಳ್ಳಿಹಾಕಬಾರದು ಅನ್ನುತ್ತದೆ.

ಆದರೆ ಮನುಷ್ಯ ಕೂತ ಮಾತ್ರಕ್ಕೆ ಆಯಿತೇ? ಅಮೇರಿಕದ ಸಿಗ್ನಾ ಎಂಬ ವಿಮಾ ಕಂಪನಿಯ ಡಾಕ್ಟರುಗಳು 2022ರಲ್ಲಿ ಎರಡು ತಿಂಗಳೊಳಗೆ 3 ಲಕ್ಷಕ್ಕೂ ಹೆಚ್ಚು ಕ್ಲೇಮುಗಳನ್ನು, ಒಂದೊಂದಕ್ಕೆ ಸರಾಸರಿ 1.2 ಸೆಕೆಂಡಿನಲ್ಲಿ, ತಿರಸ್ಕರಿಸಿದರು ಅಂತ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಮರುವರ್ಷ ಬರೆಯಿತು. ಚಿಕಿತ್ಸೆ ಮುಗಿದ ಮೇಲಿನ ಬಿಲ್ಲುಗಳು ಅವು, ಯಾರ ಉಪಚಾರವೂ ತಪ್ಪಿಲ್ಲ ಅಂತ ಕಂಪನಿ ಹೇಳಿತು. ಆದರೂ 1.2 ಸೆಕೆಂಡಿನಲ್ಲಿ ಹೆಸರು ಓದುವುದೂ ಮುಗಿಯೂದಿಲ್ಲ. ಯಂತ್ರ ಗುಡ್ಡೆ ಹಾಕಿತು, ಮನುಷ್ಯ ಅಂಗೂಠಾ ಒತ್ತಿದ.

ಅಂದಮೇಲೆ ಬೇಕಾದದ್ದು ಬರೇ ಮನುಷ್ಯನಲ್ಲ, ಕಾರಣ ಹೇಳಬೇಕಾದ ಮನುಷ್ಯ. ಅದೂ ಕೇಳುವವರಿಗೆ ತಿಳಿಯುವ ಮಾತಿನಲ್ಲಿ. ಕನ್ನಡವಷ್ಟೇ ಓದಬಲ್ಲ ಮುದುಕನಿಗೆ ಇಂಗ್ಲಿಷಿನಲ್ಲಿ ಪತ್ರ ಬಂದರೆ ಕಾರಣ ಹೇಳಿದ ಹಾಗಾಯಿತೋ ಇಲ್ಲವೋ? ಕಾನೂನಿನ ಲೆಕ್ಕದಲ್ಲಿ ಆಯಿತು ಅನ್ನಬಹುದು. ನಾನು ಆಗಿಲ್ಲ ಅನ್ನುತ್ತೇನೆ. ಅದಕ್ಕೇ ಇಂಥ ಪತ್ರ ಬಂದವರು ಅದನ್ನು ಮೂಲೆಗೆ ಹಾಕದೆ ನಮ್ಮ ವಾಚನಾಲಯಕ್ಕೆ ತರಲಿ, ಓದಿ ಹೇಳೋಣ. ಸ್ವಂತ ಹಪ್ತೆ ಕಟ್ಟಿದ ಪಾಲಿಸಿಯಾದರೆ ಮೊದಲು ಕಂಪನಿಗೇ ತಕರಾರು ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಪುಣೆಯಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಫೀ ಇಲ್ಲ, ವಕೀಲರೂ ಬೇಡ. ಫುಲೆ ಯೋಜನೆಯದಾದರೆ ದವಾಖಾನೆಯ ಆರೋಗ್ಯಮಿತ್ರನನ್ನು ಹಿಡಿಯಿರಿ. ಅರ್ಜಿಯಲ್ಲಿ ಹೆಸರು ಮಾತ್ರ ಆಧಾರ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ಗಂಗವ್ವ ಇದ್ದರೆ ಗಂಗವ್ವ, ಗಂಗಾಬಾಯಿ ಇದ್ದರೆ ಗಂಗಾಬಾಯಿ.